ಶುದ್ಧ ನೀರು ಕುಡಿಯೋ ಗಿಡಗಳು

ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡೋದು ನನ್ನ ಕೆಲಸ. ಒಂದು ಸಂಜೆ ಬೂದಿಗೆರೆಯ ರಿಟೈರ್ಡ್ ಟೀಚರಮ್ಮ ಒಬ್ಬರು ಕರೆಸಿದ್ರು. ಅವರ ಫಿಲ್ಟರ್ ಅಡುಗೆಮನೇಲಿರಲಿಲ್ಲ, ಹಿಂದಿನ ವರಾಂಡದಲ್ಲಿತ್ತು. ಶುದ್ಧ ನೀರಿನ ಪೈಪು ನೇರ ಗಿಡಗಳ ಟ್ರೇಗೆ ಹೋಗಿತ್ತು.

"ನೀವು ಕುಡಿಯೋಕೆ?" ಅಂದೆ.

"ನನಗೆ ಬೋರ್ ನೀರೇ ಸಾಕಪ್ಪಾ. ಆ ಉಪ್ಪು ಇವಕ್ಕೆ ಆಗಲ್ಲ."

ರೂಪಾಯಿ ನಾಣ್ಯದಷ್ಟಗಲದ ಕೆಂಪು ಗಿಡಗಳು, ಎಲೆ ತುಂಬಾ ಇಬ್ಬನಿಯಂಥ ಅಂಟು. ಜೌಗು ನೆಲದ ಗಿಡವಂತೆ. ಮರಳು, ತೆಂಗಿನ ನಾರಿನ ಪುಡಿ, ಬುಡದಲ್ಲಿ ಸದಾ ನೀರು, ಒಳ್ಳೆ ಬಿಸಿಲು, ಇಷ್ಟಿದ್ರೆ ಸಾಕಂತೆ. ಗೊಬ್ಬರ ಹಾಕಿದ್ರೆ ಸತ್ತೇ ಹೋಗ್ತವಂತೆ.

"ಮತ್ತೆ ಇವಕ್ಕೆ ಊಟ?"

ಅವರು ವರಾಂಡದ ಜಾಲರಿ ಬಾಗಿಲು ತೆಗೆದು, ತೋಳು ಚಾಚಿಕೊಂಡು ಗಿಡಗಳ ನಡುವೆ ಕೂತರು. ಕೆರೆ ಕಡೆಯಿಂದ ಸೊಳ್ಳೆಗಳು ಬಂದು ಕಚ್ಚಿದವು. ಅವರು ಒಂದನ್ನೂ ಹೊಡೀಲಿಲ್ಲ. ರಕ್ತ ಕುಡಿದು ಭಾರವಾದ ಸೊಳ್ಳೆಯೊಂದು ಹಾರಲಾರದೆ ಎಲೆ ಮೇಲೆ ಇಳೀತು. ಕೂದಲಂಥ ಅಂಟು ತುದಿಗಳು ಮೆಲ್ಲಗೆ ಅದರ ಮೇಲೆ ಬಾಗಿಕೊಂಡವು.

"ಇನ್ನೊಂದು ಕುರ್ಚಿ ಇದೆ, ಕೂತ್ಕೊಳಪ್ಪಾ," ಅಂದ್ರು, ಕಾಫಿಗೆ ಕರೆಯೋ ಹಾಗೆ.

ಬೇರೆ ಮನೆಗೆ ಹೋಗ್ಬೇಕು ಅಂತ ಸುಳ್ಳು ಹೇಳಿ ಹೊರಟೆ. ಬೈಕ್ ಹತ್ತಿದ ಮೇಲೆ ಮೊಣಕೈ ಹತ್ರ ತುರಿಕೆ ಶುರುವಾಯ್ತು.

ಸ್ವಲ್ಪ ದಿನ ಬಿಟ್ಟು ಅವರದ್ದೇ ಫೋನು. "ಅವತ್ತು ನೀನು ಬಾಗಿಲ ಹತ್ರ ನಿಂತಿದ್ದೆಯಲ್ಲ, ಅಲ್ಲಿರೋ ಗಿಡವೇ ಮೊದಲು ಹೂ ಬಿಡ್ತು ಕಣಪ್ಪಾ. ಬಿಳೀ ಹೂವು. ಮತ್ತೆ ಯಾವಾಗ ಬರ್ತೀಯಾ?"

ಆ ಮನೆಯ ಸರ್ವಿಸನ್ನ ಈಗ ಇನ್ನೊಬ್ಬನಿಗೆ ಬಿಟ್ಟುಕೊಟ್ಟಿದ್ದೀನಿ. ತುಂಬುತೋಳಿನ ಷರ್ಟು ಹಾಕ್ಕೊಂಡು ಹೋಗು ಅಂತ ಮಾತ್ರ ಹೇಳಿದ್ದೀನಿ.