ಆಯುಧಪೂಜೆಗೆ ತೊಳೆದ ಫ್ಲಾಸ್ಕು

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ನಾನು ಉಪ್ಪಿಲ್ಲದೆ ಬದುಕಲಾರದ ಸೂಕ್ಷ್ಮಜೀವಿಗಳನ್ನು ಉಪವಾಸ ಕೆಡವಿದ್ದೆ. ಕರಾವಳಿಯ ಉಪ್ಪಿನಗದ್ದೆಯಿಂದ ತಂದವು. ಗಾಢ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಆಹಾರವಿಲ್ಲ. ದಾಸವಾಳದಷ್ಟು ಕೆಂಪಗಿದ್ದ ನೀರು ಬಿಳಿಚಿಕೊಂಡಿತ್ತು. ಕಡ್ಡಿಯಂತಿದ್ದ ಜೀವಿಗಳು ಸೂಕ್ಷ್ಮದರ್ಶಕದಲ್ಲಿ ಮುದುರಿ ಸಾಸಿವೆಯಂತೆ ಕಾಣುತ್ತಿದ್ದವು. ಇಷ್ಟು ಸೊರಗಿದವು ಊಟ ಸಿಕ್ಕರೆ ಮತ್ತೆ ಏಳುತ್ತವೆಯೇ? ನನ್ನ ಪಿಎಚ್‌ಡಿ ನಿಂತಿದ್ದೇ ಆ ಪ್ರಶ್ನೆಯ ಮೇಲೆ.

ಆಯುಧಪೂಜೆಯ ಹಿಂದಿನ ದಿನ ಇಡೀ ಲ್ಯಾಬು ತೊಳೆಯುವುದು ನಮ್ಮಲ್ಲಿ ರೂಢಿ. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ, ನನ್ನ ಫ್ಲಾಸ್ಕಿನ ಕತ್ತಿಗೆ ಕಟ್ಟಿದ್ದ ಉಪ್ಪಿನ ಹಕ್ಕಳೆಯನ್ನು ಕೊಳೆ ಅಂದುಕೊಂಡರು. ಒಣಬಟ್ಟೆಯಲ್ಲಿ ಉಜ್ಜಿ ತೆಗೆದರು. ಒಳಗಿದ್ದದ್ದು ಬರೀ ನೀರೆಂದು ಚೆಲ್ಲಿ, ನಲ್ಲಿಯಡಿ ತೊಳೆದು, ಕುಂಕುಮ ಹಚ್ಚಿಟ್ಟರು. ಸಿಹಿನೀರು ಸೋಕಿದರೆ ಈ ಜೀವಿಗಳು ಒಡೆದೇ ಹೋಗುತ್ತವೆ. ನನ್ನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ಅಕ್ಕಾ, ಆ ಬಟ್ಟೆ ಎಲ್ಲಿ?"

"ಇನ್ನೂ ಒಗ್ದಿಲ್ಲ ಕಣೆ. ಯಾಕೆ, ಏನಾಯ್ತು?"

ಬಟ್ಟೆಗೆ ಅಂಟಿದ ಉಪ್ಪಿನ ಹರಳಿನೊಳಗೆ ಒಂದಿಷ್ಟು ಜೀವಿಗಳು ಅವಿತು ಕೂತಿರಬಹುದು. ಬಟ್ಟೆಯನ್ನು ಕತ್ತರಿಸಿ, ಆಹಾರ ಬೆರೆಸಿದ ಹೊಸ ಉಪ್ಪುನೀರಿಗೆ ಹಾಕಿದೆ.

ಗೈಡ್ ಸರ್ ತಲೆಯಾಡಿಸಿದರು. "ದೀಪಾವಳಿ ತನಕ ನೋಡೋಣಮ್ಮ. ಏಳ್ಲಿಲ್ಲ ಅಂದ್ರೆ ಬೇರೆ ಟಾಪಿಕ್ ತಗೊಳ್ಳಿ."

ವಿಷಯ ತಿಳಿದ ಅಕ್ಕ ಮಧ್ಯಾಹ್ನದ ಊಟ ಬಿಟ್ಟರು. ನನ್ನ ಜೀವಿಗಳು ಏಳುವ ತನಕ ಮುಟ್ಟುವುದಿಲ್ಲವೆಂದು ಹರಕೆಯಂತೆ! ನನಗೆ ಸಿಟ್ಟು ನೆತ್ತಿಗೇರಿತು.

"ಅವಕ್ಕೆ ಹಸಿವು ತಡ್ಕೊಳ್ಳೋದು ಗೊತ್ತು, ಕುಗ್ಗಿ ಸುಮ್ನೆ ಬಿದ್ದಿರ್ತಾವೆ. ನಿಮಗೆ ಗೊತ್ತಾ? ಬಿದ್ರೆ ಯಾರಕ್ಕ ಎತ್ತೋರು?"

"ಹರಕೆ ಅಂದ್ಮೇಲೆ ಹರಕೆ."

ದಿನಾ ಬೆಳಿಗ್ಗೆ ಫ್ಲಾಸ್ಕು ಎತ್ತಿ ನೋಡುವುದು, ತಿಳಿನೀರು ಕಂಡು ಹಾಗೇ ಇಡುವುದು. ಆ ಕಡೆ ಅಕ್ಕ ಸಿಂಕಿನ ಅಂಚು ಹಿಡಿದು ನಿಲ್ಲತೊಡಗಿದ್ದರು. ನನ್ನ ಡಬ್ಬಿಯ ಚಿತ್ರಾನ್ನವೂ ಅರ್ಧಕ್ಕರ್ಧ ಹಾಗೇ ಮನೆಗೆ ವಾಪಸ್ ಹೋಗುತ್ತಿತ್ತು. ಹಾಳಾದವು, ಏಳಬಾರದೇ ಎಂದು ಬೈದೆ.

ದೀಪಾವಳಿ ರಜೆಗೆ ಬಾಗಿಲು ಹಾಕುವ ದಿನ ಫ್ಲಾಸ್ಕಿನ ಹಿಂದೆ ಬಿಳಿ ಹಾಳೆ ಹಿಡಿದೆ. ಕಂಡೂ ಕಾಣದ ಗುಲಾಬಿ ಬಣ್ಣ. ಒಂದು ಹನಿ ಸೂಕ್ಷ್ಮದರ್ಶಕಕ್ಕಿಟ್ಟರೆ, ಸಾಸಿವೆಗಳು ಮತ್ತೆ ಕಡ್ಡಿಗಳಾಗಿ ಸರಿದಾಡುತ್ತಿದ್ದವು. ಅಳು ತಡೆಯಲಾಗಲಿಲ್ಲ. ಫ್ಲಾಸ್ಕು ಹಿಡಿದೇ ಓಡಿಹೋಗಿ ಅಕ್ಕನ ಮುಂದೆ ನನ್ನ ಡಬ್ಬಿ ತೆರೆದಿಟ್ಟೆ.

"ಎದ್ವು ಅಕ್ಕ! ತಿನ್ನಿ, ಈಗ್ಲೇ ತಿನ್ನಿ."

ಅಕ್ಕ ನನ್ನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಮೊದ್ಲು ಅವಕ್ಕೆ ಇನ್ನೊಂಚೂರು ಹಾಕು ಮಾರಾಯ್ತಿ. ಹಸ್ಕೊಂಡು ಎದ್ದಿದಾವೆ."