ಆಯಿ ಬೆರಳಲ್ಲಿ ಹಿಡಿದು ನೋಡಿದ ಹರಳು

ನಮ್ಮ ಶಾಲೆಯಲ್ಲಿ ಈಗ ನೀರಿನ ಗಂಟೆ ಹೊಡೆಯುತ್ತಾರೆ. ಪಾಠದ ನಡುವೆ ಢಣ್ ಢಣ್ ಎಂದಿತೆಂದರೆ ಸಾಕು, ಮಕ್ಕಳೆಲ್ಲ ಪುಸ್ತಕ ಬಿಟ್ಟು ಬಾಟಲಿಗೆ ಕೈ ಹಾಕುತ್ತಾರೆ. ಮುಚ್ಚಳ ತಿರುವುವ ಸದ್ದು, ಆಮೇಲೆ ಇಡೀ ತರಗತಿ ಒಟ್ಟಿಗೆ ಗುಟಗುಟ ಕುಡಿಯುವ ಸದ್ದು. ಕೊಪ್ಪಳದ ಬೇಸಿಗೆಯಲ್ಲಿ ಅದಕ್ಕಿಂತ ತಂಪಾದ ಸದ್ದು ಇನ್ನೊಂದು ನನಗೆ ಗೊತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಯಾವಳೋ ಒಬ್ಬಳು ಬಾಟಲಿಯನ್ನು ತುಟಿಗೆ ತಾಗಿಸಿ, ಕುಡಿದ ಹಾಗೆ ಮಾಡಿ ಕೆಳಗಿಡುತ್ತಾಳೆ. ಅದು ನನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ. "ಏನವಾ, ಬಾಟ್ಲಿಗೆ ಮುತ್ತು ಕೊಟ್ಟಿಯೇನು? ಕುಡಿ, ನಾ ನೋಡಾಕತ್ತೀನಿ," ಎನ್ನುತ್ತೇನೆ. ಹುಡುಗಿಯರು ಕಿಸಕ್ಕನೆ ನಗುತ್ತಾರೆ. ಟೀಚರಿಗೆ ನೀರಿನ ಹುಚ್ಚು ಎಂದು ಬೆನ್ನ ಹಿಂದೆ ಆಡಿಕೊಳ್ಳುವುದೂ ಗೊತ್ತು. ಆಡಿಕೊಳ್ಳಲಿ, ನನಗೇನು! ಅವರು ನಗುವಷ್ಟರಲ್ಲಿ ನಾನು ಅಳವಂಡಿ ಕಡೆಯ ನಮ್ಮ ಹಳ್ಳಿಯ ಮನೆಗೆ, ಅದರ ಪಡಸಾಲೆಗೆ ಹೋಗಿಬಿಟ್ಟಿರುತ್ತೇನೆ.

ಆ ಪಡಸಾಲೆಯಲ್ಲಿ ಯಾವಾಗಲೂ ಜೋಳದ ದೂಳಿನ ವಾಸನೆ ಇರುತ್ತಿತ್ತು. ಒಣ ಮಣ್ಣು, ಹೊಟ್ಟು, ಬಿಸಿಲು ಮೂರೂ ಕೂಡಿದಂಥ ವಾಸನೆ. ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲ ಬೆಳಕಿಗೆ ಮುಖ ಮಾಡಿ, ಒಂದು ಕಾಲು ಚಾಚಿ, ಮೊರವನ್ನು ತೊಡೆಗೆ ಒತ್ತಿಕೊಂಡು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ಮೊರ ಕುಲುಕಿದರೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ ಹರಿದು ಹೋಗುತ್ತಿದ್ದವು. ಆಮೇಲೆ ಅಂಗೈಯಿಂದ ಕಾಳನ್ನು ಹರಡಿ, ಕಲ್ಲು ಕಂಡಲ್ಲಿ ಎರಡು ಬೆರಳಿಂದ ಎತ್ತಿ ಅಂಗಳಕ್ಕೆ ಎಸೆಯುತ್ತಿದ್ದಳು. ಮದುವೆ ಇದ್ದ ಮನೆಯವರು ಕಾಳು ಹಸನು ಮಾಡಲು ಮೊದಲು ಅವಳನ್ನೇ ಕರೆಯುತ್ತಿದ್ದರು. ಅದರ ಬಗ್ಗೆ ಆಯಿಗೆ ಜಂಬ ಸ್ವಲ್ಪವಲ್ಲ, ಭಾಳ ಇತ್ತು. "ನಮ್ಮನಿ ರೊಟ್ಟ್ಯಾಗ ಒಂದ ಕಲ್ಲು ತೋರಸ್ರಿ ನೋಡೂಣು," ಎಂದು ಊಟಕ್ಕೆ ಬಂದವರಿಗೆಲ್ಲ ಸವಾಲು ಹಾಕುತ್ತಿದ್ದಳು. ಬೀಗರೂ ಅದನ್ನು ಕೇಳಿ ಕೇಳಿ ಸುಸ್ತಾಗಿದ್ದರು.

ನಮ್ಮೂರ ಶಾಲೆಯಲ್ಲಿ ಹುಡುಗಿಯರಿಗೆಂದು ಒಂದು ಪಾಯಖಾನೆಯ ಖೋಲಿ ಕಟ್ಟಿಸಿದ್ದರು. ಗೋಡೆ ಇತ್ತು, ಮೇಲೆ ತಗಡು ಇತ್ತು, ಬಾಗಿಲು ಮಾತ್ರ ಇರಲಿಲ್ಲ. ಎದುರಿಗೇ ಹುಡುಗರು ಚಿಣಿಕೋಲು ಆಡುವ ಬಯಲು. ಹಾಗಾಗಿ ನಾವು ಯಾರೂ ಒಂದಕ್ಕೆ ಹೋಗುತ್ತಿರಲಿಲ್ಲ. ಹೋಗಬಾರದೆಂದರೆ ಕುಡಿಯಬಾರದು, ಅಷ್ಟೇ ಲೆಕ್ಕ. ದೊಡ್ಡ ಹುಡುಗಿಯರು ಇದನ್ನು ಚಿಕ್ಕವರಿಗೆ ಕಲಿಸಿಕೊಡುತ್ತಿದ್ದರು, ಅವರಿಗೆ ಅವರ ಅಕ್ಕಂದಿರು ಕಲಿಸಿದ್ದರು. ಬಿಸಿಲಲ್ಲಿ ಕುಂಟಲಿಪಿ ಆಡಿ, ಉಪ್ಪು ಖಾರ ಹಚ್ಚಿದ ಹುಣಸೆಕಾಯಿ ಚೀಪಿ, ಬಾಯಿ ಒಣಗಿ ನಾಲಿಗೆ ಅಂಟಿಕೊಂಡರೂ ನೀರಿನ ಮಡಕೆಯ ಕಡೆ ಹೋಗದೆ ಇರುವುದು ನಮ್ಮಲ್ಲಿ ದೊಡ್ಡ ಗಟ್ಟಿತನ. ಅಂಥ ಒಂದು ಬೇಸಿಗೆಯಲ್ಲೇ ನನಗೆ ನೋವು ಬಂತು. ಬೆಳಗಿನ ಹೊತ್ತು, ಪಕ್ಕೆಯಿಂದ ಹೊರಟು ಹೊಟ್ಟೆಯ ಕೆಳಗಿನ ತನಕ ಹಿಂಡಿದಂತೆ. ನಾನು ಪಡಸಾಲೆಯ ನೆಲದ ಮೇಲೆ ಹೊರಳಾಡಿದೆ, ವಾಂತಿ ಮಾಡಿಕೊಂಡೆ. ಆಯಿ ಔಡಲೆಣ್ಣೆ ಬಿಸಿ ಮಾಡಿ ಹೊಟ್ಟೆಗೆ ತಿಕ್ಕಿದಳು, ದೃಷ್ಟಿ ತೆಗೆದಳು. ಬಚ್ಚಲಿಗೆ ಕರೆದುಕೊಂಡು ಹೋದ ಅವ್ವ ಕೆಂಪು ನೀರು ಕಂಡು ಚೀರಿದಳು. ಅಪ್ಪ ನನ್ನನ್ನು ಎತ್ತಿಕೊಂಡು ಓಡಿ, ಅವ್ವನನ್ನೂ ಕರೆದುಕೊಂಡು ಕೊಪ್ಪಳದ ಬಸ್ಸು ಹತ್ತಿದ.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಸ್ಕ್ಯಾನ್ ಮಾಡಿಸಿ, ಮೂತ್ರಪಿಂಡದಿಂದ ಇಳಿದ ಒಂದು ಸಣ್ಣ ಹರಳು ನಡುದಾರಿಯಲ್ಲಿ ನಿಂತಿದೆ ಎಂದರು. "ಮಕ್ಕಳಿಗೂ ಇದು ಬರ್ತೈತೇನ್ರಿ?" ಎಂದ ಅಪ್ಪ, ನಂಬಲಾರದೆ. "ಬರ್ತೈತ್ರಿ," ಎಂದು ಅವರು ನನ್ನ ಕಡೆ ತಿರುಗಿ, ಸಾಲ್ಯಾಗ ಎಷ್ಟು ನೀರು ಕುಡಿತೀ, ಒಂದಕ್ಕ ಯಾವಾಗ ಹೋಗ್ತೀ ಎಂದು ಕೇಳಿದರು. ಅಪ್ಪನ ಮುಂದೆ ನಾನು ಬಾಯಿ ಬಿಡಲಿಲ್ಲ. ಅವರು ಅಪ್ಪನನ್ನು ಹೊರಗೆ ಕಳಿಸಿದ ಮೇಲೆ ಬಾಗಿಲಿಲ್ಲದ ಖೋಲಿಯ ಕಥೆಯನ್ನೆಲ್ಲ ಹೇಳಿದೆ. ಡಾಕ್ಟರಮ್ಮ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಅವ್ವನಿಗೆ ನಿಧಾನವಾಗಿ ಬಿಡಿಸಿ ಹೇಳಿದರು: "ನೀರು ಕಾಸೂ ಹಂಡೇದ ತಳಕ್ಕ ಬೆಳ್ಳಗ ಕಟ್ಟಿರ್ತೈತಲ್ಲವಾ, ಹಂಗ ಇದು. ಮೈಯಾಗ ನೀರು ಕಡಿಮಿ ಆದ್ರ ಮೂತ್ರ ದಪ್ಪಾಗಿ ಅದರಾಗಿನ ಉಪ್ಪು ಗಟ್ಟಿಯಾಗಿ ಕುಂದರ್ತೈತಿ. ತಿಳಿನೀರಿನಂಗ ಬರೂ ಮಟ ಕುಡಸ್ರಿ. ಉಪ್ಪು ಕಡಿಮಿ ಮಾಡ್ರಿ, ನಿಂಬಿಹಣ್ಣು ಹಿಂಡಿ ಕೊಡ್ರಿ. ಯಾರರ ಹೇಳಿದ್ರಂತ ಹಾಲು ಮಜ್ಜಿಗಿ ಬಿಡಸಬ್ಯಾಡ್ರಿ." ಒಂದಕ್ಕೆ ಹೋದಾಗಲೆಲ್ಲ ತೆಳುಬಟ್ಟೆಯಲ್ಲಿ ಸೋಸಿ, ಹರಳು ಬಿದ್ದರೆ ಪರೀಕ್ಷೆಗೆ ತರಬೇಕು. ಬೀಳದಿದ್ದರೆ ಹುಬ್ಬಳ್ಳಿಗೆ ಹೋಗಿ ತೆಗೆಸಬೇಕು. ಹುಬ್ಬಳ್ಳಿ ಎಂದ ಕೂಡಲೇ ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ನಾವು ಊರಿಗೆ ಬಂದಾಗ ನಮ್ಮ ಮನೆಯ ಕಟ್ಟೆಯ ತುಂಬ ಜನ. ಅಪ್ಪ ಮೊದಲ ಉಸಿರಿಗೇ "ಕಿಡ್ನ್ಯಾಗ ಕಲ್ಲಾಗೈತಂತ" ಎಂದುಬಿಟ್ಟ. ಎದುರು ಮನೆಯ ನೀಲವ್ವ ಗಲ್ಲಕ್ಕೆ ಕೈ ಹಚ್ಚಿ, "ಅಯ್ಯ ನನ್ನ ಶಿವನ! ರೊಟ್ಟ್ಯಾಗಿಂದ ಹೋಗಿ ಕುಂತಿರಬೇಕ್ರಿ. ಮುದುಕಿಗೆ ಮದ್ಲಿನಂಗ ಎಲ್ಲಿ ಕಾಣತೈತಿ, ಪಾಪ," ಎಂದಳು. ಹಂಗಲ್ಲ, ಡಾಕ್ಟರು ಬ್ಯಾರೇನ ಹೇಳ್ಯಾರ ಎಂದು ಅಪ್ಪ ಗದರಿದ. ಆದರೆ ಬಾಗಿಲ ಹತ್ತಿರ ನಿಂತಿದ್ದ ಆಯಿಯ ಮುಖ ಅಷ್ಟರಲ್ಲೇ ಬಿಳಿಚಿಹೋಗಿತ್ತು. ನುಂಗಿದ ಕಲ್ಲು ಕರಗುವುದಿಲ್ಲ, ಎಲ್ಲಾದರೂ ಕೂರಲೇಬೇಕು. ಜೀವಮಾನವಿಡೀ ಕಾಳಿನಿಂದ ಕಲ್ಲು ಆರಿಸಿದವಳಿಗೆ ಇದು ಸುಳ್ಳೆನಿಸುವುದಾದರೂ ಹೇಗೆ? ಮರುದಿನ ಅವಳು ಮೊರ ಹಿಡಿದು ಕೂತಾಗ ಅವ್ವ ಬಂದು, "ಇಲ್ಲಿ ಕೊಡ್ರಿ ಅತ್ತಿ, ನಾ ಮಾಡ್ತೀನಿ. ನೀವು ಹುಡುಗಿ ಕಡಿ ನೋಡ್ರಿ," ಎಂದಳು. ಡಾಕ್ಟರ ಮಾತನ್ನು ಕಿವಿಯಾರೆ ಕೇಳಿ ಬಂದವಳು ಅವ್ವ. ಆದರೂ ಮಗಳ ಬಗೆಗಿನ ಭಯ ಕೇಳಬೇಕಲ್ಲ. ಆಯಿ ಮೊರ ಕೊಟ್ಟುಬಿಟ್ಟಳು.

ಅಂದಿನಿಂದ ಅವಳು ಪಡಸಾಲೆಯಲ್ಲಿ ಬರಿಗೈಯಲ್ಲಿ ಕೂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನನಗೆ ಕೊಡುವ ರೊಟ್ಟಿಯನ್ನು ಚೂರುಚೂರು ಮಾಡಿ, ಬೆರಳಿಂದ ತಿಕ್ಕಿ ನೋಡಿಯೇ ತಾಟಿಗೆ ಹಾಕುತ್ತಿದ್ದಳು. ನೀರಿನ ಮಾತು ಅಪ್ಪ ಎಷ್ಟು ಸಲ ತಿಳಿಸಿ ಹೇಳಿದರೂ "ಹೌದು ಬಿಡೋ" ಎನ್ನುವಳು, ನಂಬಿದ್ದು ಮಾತ್ರ ಸುಳ್ಳು. ನಂಬದಿದ್ದರೂ ಕುಡಿಸುವುದರಲ್ಲಿ ರಾಕ್ಷಸಿ! ನಿಂಬೆ ಹಿಂಡಿದ ನೀರು, ತೆಳ್ಳನೆಯ ಮಜ್ಜಿಗೆ, ಮತ್ತೆ ನೀರು. "ಕುಡಿ ನನ್ನವ್ವ, ಕುಡಿ," ಎಂದು ಚರಗಿ ಹಿಡಿದು ಅಂಗಳದ ತುಂಬ ನನ್ನ ಬೆನ್ನಟ್ಟುತ್ತಿದ್ದಳು. ಶಾಲೆಯ ಖೋಲಿಗೆ ಬಾಗಿಲು ಹಾಕಿಸಿರಿ ಎಂದು ಅಪ್ಪ ಕೇಳಿ ಬಂದಿದ್ದ, ಮೇಲಿನವರಿಗೆ ಬರೆಯುತ್ತೇವೆ ಎಂದಿದ್ದರು. "ಮ್ಯಾಲಿನವರು ಬಾಗಲಾ ಕಳಸೂ ಮಟ ನನ್ನ ಮೊಮ್ಮಗಳು ತಡಕೊಂಡು ಕುಂದರಬೇಕೇನು?" ಎಂದು ಆಯಿ ತಾನು ಹೊದೆಯುವ ಕೌದಿಯನ್ನೇ ಹೆಗಲಿಗೆ ಹಾಕಿಕೊಂಡು ಹೊರಟಳು. ಹಳೆಯ ಸೀರೆಗಳ ಚೂರು ಸೇರಿಸಿ ಹೊಲಿದ ಆ ದಪ್ಪ ಕೌದಿ ಖೋಲಿಗೆ ಬಾಗಿಲಾಯಿತು. ಬಿಡುವಿನ ಹೊತ್ತಿಗೆ ತಾನೂ ಹೋಗಿ ಅದರ ಪಕ್ಕ ಕೂರುತ್ತಿದ್ದಳು. "ಹೋಗ್ರವಾ ಹುಡುಗ್ಯಾರ, ನಾ ಅದೀನಿ ಇಲ್ಲೆ." ಆ ವರ್ಷ ನಮ್ಮ ಶಾಲೆಯ ಹುಡುಗಿಯರೆಲ್ಲ ಮಡಕೆಯ ಕಡೆ ನುಗ್ಗಿ ನುಗ್ಗಿ ನೀರು ಕುಡಿದರು.

ನೋವು ಬಂದು ಹೋಗಿ ಮಾಡುತ್ತಲೇ ಇತ್ತು. ಹುಬ್ಬಳ್ಳಿಗೆ ಹೊರಡುವ ಮಾತು ಮನೆಯಲ್ಲಿ ಶುರುವಾಗಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಅವ್ವ ಬಚ್ಚಲಲ್ಲಿ ಬಟ್ಟೆ ಹಿಡಿದವಳೇ "ಬಿತ್ತು! ಬಿತ್ರೀ ಅತ್ತಿ!" ಎಂದು ಕೂಗಿದಳು. ನೋಡಿದರೆ ಎಷ್ಟು, ಒಂದು ಜೋಳದ ನುಚ್ಚಿನಷ್ಟು. ಇಷ್ಟಕ್ಕೇ ನಾನು ಅಷ್ಟು ಹೊರಳಾಡಿದೆನೇ ಎಂದು ನನಗೇ ನಾಚಿಕೆಯಾಯಿತು. ಆಯಿ ಅದನ್ನು ತೊಳೆಸಿ ತನ್ನ ಅಂಗೈಗೆ ಹಾಕಿಸಿಕೊಂಡಳು. ಎರಡು ಬೆರಳಲ್ಲಿ ಹಿಡಿದು ಹೊರಳಿಸಿದಳು, ಉಗುರಿಂದ ಗೀರಿದಳು. ಮತ್ತೆ ಹೊರಳಿಸಿದಳು. ನಾವೆಲ್ಲ ಅವಳ ಮುಖ ನೋಡುತ್ತಿದ್ದೆವು. "ಇದು ನಮ್ಮ ಕಣದ್ದಲ್ಲ," ಎಂದಳು. "ನಮ್ಮ ಕಾಳಾಗಿನ ಕಲ್ಲು ಹಿಂಗ ಮುಳ್ಳಮುಳ್ಳ ಇರಂಗಿಲ್ಲ. ನಮ್ಮದಲ್ಲಪಾ ಇದು, ನಂದಲ್ಲ." ಹಾಗೆನ್ನುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವ್ವ ಒಳಗೆ ಹೋಗಿ ಮೊರ ತಂದು ಅವಳ ಮುಂದಿಟ್ಟಳು. "ತಪ್ಪಾತ್ರಿ ಅತ್ತಿ. ನಾಳಿಂದ ನೀವ ಹಸನ ಮಾಡ್ರಿ," ಎಂದಳು. ಆಯಿ ಕಣ್ಣೊರೆಸಿಕೊಂಡು ಮೊರವನ್ನು ಮುಟ್ಟಿದಳು, ಆಮೇಲೆ ಮೆಲ್ಲಗೆ ಅವ್ವನ ಕಡೆ ಸರಿಸಿದಳು. "ಬ್ಯಾಡ ಶಾಂತಾ. ಭಾಳ ದಿನಾತು, ನನಗ ಕಾಳೂ ಕಾಣಂಗಿಲ್ಲ, ಕಲ್ಲೂ ಕಾಣಂಗಿಲ್ಲ. ಬರೇ ಕೈಲೆ ಮುಟ್ಟಿ ಮುಟ್ಟಿ ಮಾಡತಿದ್ದೆ. ಅದಕ್ಕ ಭಾಳ ಅಂಜಿದ್ದೆ." ಅವ್ವ ಅವಳ ಪಕ್ಕದಲ್ಲೇ ಕೂತು ಮೊರ ತೊಡೆಗೇರಿಸಿಕೊಂಡು, ಆಯಿಯ ಕೈ ಹಿಡಿದು ಕಾಳಿನ ಮೇಲೆ ಇಟ್ಟಳು.

ಆಮೇಲೆ ಇಬ್ಬರೂ ಕೂಡಿಯೇ ಹಸನು ಮಾಡುತ್ತಿದ್ದರು. ಅವ್ವ ನೋಡುವಳು, ಆಯಿ ಮುಟ್ಟುವಳು, ಊರ ಸುದ್ದಿಯೆಲ್ಲ ಅಲ್ಲೇ ಮುಗಿಯುವುದು. ಈಗ ಆ ಮನೆ ಇಲ್ಲ, ಪಡಸಾಲೆ ಇದ್ದ ಕಡೆ ಬೇರೆಯವರ ಅಂಗಡಿ ಎದ್ದಿದೆ, ಜೋಳದ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಆಯಿ ತೀರಿಕೊಂಡ ಮೇಲೂ ಅವ್ವ ಎಷ್ಟೋ ವರ್ಷ ಕಾಳು ಹಸನು ಮಾಡಿದಳು. ಬಾಗಿಲ ಬೆಳಕಿಗೆ ಕೂರುವಾಗ, ತನ್ನ ಬಲಕ್ಕೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಿದ್ದಳು.