ಐದು ರಿಂಗ್ ಆದ ಮೇಲೆ

ಕಟ್ಟಡದ ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದು, ಲಿಫ್ಟ್ ನಿರ್ವಹಣೆಯ ಕರಾರಿನ ಕೊನೆಯ ಹಾಳೆ ತಿರುವಿ, ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನನ್ನ ಸೋದರತ್ತೆ ಮೂಲೆಯಲ್ಲಿ ಟೀ ಸೋಸುತ್ತಿದ್ದಳು. ಮೇಜಿನ ಮೇಲಿನ ಫೋನು ಐದು ಸಲ ಕೂಗಿ ಸುಮ್ಮನಾಯಿತು. ಮರುಕ್ಷಣವೇ ಹಿಂದಿನ ಕೋಣೆಯ ಫೋನು, ಬೀಗ ಹಾಕಿದ ಬಾಗಿಲಿನಾಚೆ, ಶುರುಮಾಡಿತು. ಎರಡೂ ಕೈಯಲ್ಲಿ ಲೋಟ ಹಿಡಿದು ಬರುತ್ತಿದ್ದ ಅತ್ತೆ ಆ ಬಾಗಿಲಿನ ಕಡೆ ಮುಖ ತಿರುಗಿಸಿ ಕೂಗಿದಳು: "ರೀ, ಸ್ವಲ್ಪ ಎತ್ರೀ! ನನ್ನ ಕೈ ಖಾಲಿ ಇಲ್ಲ!"

ಮಾವ ತೀರಿಕೊಂಡು ವರ್ಷವಾಗಿತ್ತು.

ಕಾರ್ಯದರ್ಶಿಗೂ ಅದು ಗೊತ್ತು; ಅಂದು ಬಂದು ಬಾಗಿಲ ಬಳಿ ತಲೆ ತಗ್ಗಿಸಿ ನಿಂತು ಹೋಗಿದ್ದರು. ಅತ್ತೆ ಕೂಗಿದ್ದಷ್ಟೇ ಆಗಿದ್ದರೆ 'ಪಾಪ' ಅಂದು ಸಹಿ ಹಾಕುತ್ತಿದ್ದರೋ ಏನೋ. ಆದರೆ ಆಕೆ ಕೂಗಿದ ಕೂಡಲೇ ಒಳಗಿನ ಫೋನು, ಯಾರೋ ಎತ್ತಿದ ಹಾಗೆ, ನಿಂತುಬಿಟ್ಟಿತು. ನಾವು ಮೂವರೂ ಬಾಗಿಲನ್ನು ನೋಡಿದೆವು. ಆಮೇಲೆ ಕಾರ್ಯದರ್ಶಿಯ ಮೊಣಕೈ ಪಕ್ಕದಲ್ಲೇ ಮುಂದಿನ ಫೋನು ಮತ್ತೆ ಕಿರುಚಿತು. ಪೆನ್ನು ನೆಲಕ್ಕೆ ಬಿತ್ತು. ನಾನು ಹಾರಿ ರಿಸೀವರ್ ಎತ್ತಿದೆ. ಆ ಕಡೆ ನಮ್ಮ ಮೆಕ್ಯಾನಿಕ್ಕು: "ಸಹಿ ಹಾಕಿದ್ರಾ ಸಾರ್?"

ಕಾರ್ಯದರ್ಶಿ ಎದ್ದು ನಿಂತರು. "ಒಂದು ವಾರ ನೋಡ್ತೀನಿ ಮೇಡಂ. ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ಇಲ್ಲಿ ಫೋನ್ ಎತ್ತಬೇಕು." ಬೀಗದ ಕಡೆ ನೋಡಿ ಸೇರಿಸಿದರು, "ಬದುಕಿರೋರು ಎತ್ತಬೇಕು."

ಅತ್ತೆಯದು ಲಿಫ್ಟ್ ರಿಪೇರಿಯ ಆಫೀಸು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ನಡುವೆ ಬಿಚ್ಚಿಟ್ಟ ಹಳೆಯ ಲಿಫ್ಟ್ ಬಾಗಿಲುಗಳನ್ನು ಒರಗಿಸಿದ ಕತ್ತಲ ಓಣಿ. ಮುಂದೆ ಅತ್ತೆಯ ಮೇಜು, ಹಿಂದೆ ಮಾವನ ಬೆಂಚು. ಕಾರ್ಯದರ್ಶಿಯ ಆ ಏಳು ಅಂತಸ್ತಿನ ಕಟ್ಟಡವೇ ನಮ್ಮ ದೊಡ್ಡ ಗಿರಾಕಿ. ಅದು ಕೈತಪ್ಪಿದರೆ ಆಫೀಸಿಗೂ ಬೀಗ ಹಾಕಬೇಕು. ಒಂದು ಬೀಗ ಆಗಲೇ ಬಿದ್ದಾಗಿತ್ತು.

ಮದುವೆಗೆ ಮೊದಲು ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಊರಿನ ಅರ್ಧ ಮಾತು ಅವಳ ಬೆರಳಿನ ಮೂಲಕ ಹೋಗುತ್ತಿತ್ತು, ಕಿವಿಯ ಮೂಲಕ ಎಷ್ಟು ಅನ್ನುವುದನ್ನು ಅವಳು ಹೇಳಿದವಳಲ್ಲ. ಲೈನು ಕೆಟ್ಟಿದೆ ಎಂದು ಮಾವ ದಿನಾ ದೂರು ಕೊಡುತ್ತಿದ್ದರಂತೆ. ಕೊನೆಗೆ ಅತ್ತೆಯೇ, "ಲೈನ್ ಸರಿಯಾಗಿದೆ. ನೀವು ಲೈನ್ ಹೊಡೀತಿರೋದು ನಿಲ್ಲಿಸಿ," ಅಂದಳಂತೆ. ನಿಲ್ಲಿಸಲಿಲ್ಲ, ಮದುವೆಯಾಯಿತು. ಗಂಡನದು ಮೇಲೆ ಕೆಳಗೆ ಹೋಗುವ ಕೆಲಸವಾದ್ದರಿಂದ ತನ್ನದು ಏಳುಬೀಳಿನ ಸಂಸಾರ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು.

ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಗೋಡೆಯ ಗುಂಡಿ ಒತ್ತಿದರೆ ಕರೆ ನೇರ ನಮ್ಮ ಆಫೀಸಿಗೆ ಬರುತ್ತದೆ. ಅತ್ತೆ ಐದು ರಿಂಗಿನೊಳಗೆ ಎತ್ತದಿದ್ದರೆ ಹಿಂದಿನ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಮಾವ ಎತ್ತುತ್ತಿದ್ದರು. "ಬಂದೆವು, ಐದೇ ನಿಮಿಷ" ಎಂಬ ಸುಳ್ಳು ಎಂದೂ ಹೇಳುತ್ತಿರಲಿಲ್ಲ. "ನೆಲದ ಮೇಲೆ ಕೂತ್ಕೊಳ್ಳಿ. ಲಿಫ್ಟಿಗೆ ಬೀಳೋ ಮನಸ್ಸಿಲ್ಲ. ಇವತ್ತು ಮನೇಲಿ ಏನಡುಗೆ ಹೇಳಿ," ಅನ್ನುತ್ತಿದ್ದರು. ಮೆಕ್ಯಾನಿಕ್ಕು ಹೋಗಿ ಬಿಡಿಸುವವರೆಗೂ ಸ್ಕ್ರೂಡ್ರೈವರಿನಿಂದ ಬೆಂಚಿನ ಮೇಲೆ ಟಕ್ ಟಕ್ ಎಂದು ತಟ್ಟುತ್ತಲೇ ಇರುತ್ತಿದ್ದರು. ಕತ್ತಲೆಯಲ್ಲಿ ಕೂತವರಿಗೆ ಮಾತಿಗಿಂತ ಸದ್ದು ಜೊತೆಗಾರ, ಅನ್ನುವುದು ಅವರ ವಾದ.

ಹೋದ ವರ್ಷ ಒಂದು ಮಧ್ಯಾಹ್ನ ಅತ್ತೆ ಇನ್ನೊಬ್ಬರೊಡನೆ ಮಾತಿನಲ್ಲಿದ್ದಾಗ ಒಂದು ಕರೆ ಹಿಂದಕ್ಕೆ ಹೋಯಿತು. "ರೀ, ಎತ್ರೀ," ಅಂದಳು. ಎತ್ತಲಿಲ್ಲ. ಮತ್ತೆ ಕೂಗಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಎದ್ದು ಹೋಗಿ ನೋಡಿದರೆ ಮಾವ ಸ್ಟೂಲಿನ ಮೇಲೆ, ಬೆಂಚಿಗೆ ತಲೆಯಿಟ್ಟು, ಸ್ಕ್ರೂಡ್ರೈವರ್ ಕೈಯಲ್ಲೇ. ಫೋನು ಅವರ ಕಿವಿಯ ಪಕ್ಕ ಇನ್ನೂ ಕೂಗುತ್ತಿತ್ತು.

ಅಂದು ಬಿದ್ದ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ.

ಇತ್ತೀಚೆಗೆ ಫೋನ್ ಕಂಪನಿಯವರು ಬೀದಿಯ ಹಳೆಯ ತಂತಿ ಕಿತ್ತು ರೂಟರ್ ಕೊಟ್ಟರು. ಬೆನ್ನಿಗೆ ಎರಡು ಫೋನ್ ಪೋರ್ಟು ಇರುವ ಕರಿ ಡಬ್ಬಿ. ಕೂರಿಸಲು ಬಂದ ಟೆಕ್ನೀಷಿಯನ್ ಹೆಂಗಸು ಕೇಳಿದಳು, "ಎರಡನೇದು ತೆಗೆದುಬಿಡ್ಲಾ ಮೇಡಂ? ಹಿಂದೆ ಯಾರಿದ್ದಾರೆ?"

"ಇರಲಿ. ಮೊದಲಿನ ಹಾಗೇ, ಐದು ರಿಂಗ್ ಆದ ಮೇಲೆ ಹಿಂದಕ್ಕೆ ಹೋಗಲಿ," ಅಂದಳು ಅತ್ತೆ.

ಆ ಹೆಂಗಸು ನನ್ನ ಮುಖ ನೋಡಿದಳು. ನಾನು ರೂಟರಿನ ಮಿಣುಕು ದೀಪ ನೋಡಿದೆ.

ಕಾರ್ಯದರ್ಶಿ ಹೋದ ಸಂಜೆ ನಾನು ಲ್ಯಾಪ್‌ಟಾಪಿನಲ್ಲಿ ಆ ರೂಟರಿನ ಪುಟ ತೆರೆದೆ. ಪೋರ್ಟುಗಳಿಗೆ ಹೆಸರು ಕೊಡಲು ಅಲ್ಲಿ ಜಾಗವಿದೆ. ಮೊದಲನೆಯದಕ್ಕೆ 'ನಾನು' ಎಂದು, ಎರಡನೆಯದಕ್ಕೆ 'ಅವರು' ಎಂದು ಅತ್ತೆ ತುಂಬಿದ್ದಳು. 'ನಾನು' ಎತ್ತದಿದ್ದರೆ 'ಅವರು'. ಅದು ಟೆಕ್ನೀಷಿಯನ್ ಮಾಡಿದ್ದು. ಅದರ ಕೆಳಗೆ ಅತ್ತೆ ಹೊಸದಾಗಿ ಸೇರಿಸಿದ್ದು: 'ಅವರು' ಎತ್ತದಿದ್ದರೆ 'ನಾನು'. ಕಾನ್ವೆಂಟಿನಲ್ಲಿ ಸಿಸ್ಟರುಗಳು ಬಾಯಿಪಾಠ ಮಾಡಿಸಿದ ಪ್ರಾರ್ಥನೆಗಳಲ್ಲಿ ಒಂದೂ ನನಗೆ ಇಷ್ಟು ನಾಟಿರಲಿಲ್ಲ. ಅಂತೂ ಕರೆ ನಿಲ್ಲುವುದಕ್ಕೆ ಜಾಗವಿಲ್ಲದೆ ಎರಡು ಕೋಣೆಗಳ ನಡುವೆ ಶತಪಥ ಹಾಕುತ್ತಿತ್ತು.

ಟೆಕ್ನೀಷಿಯನ್‌ಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆ. "ಅಯ್ಯೋ, ಹಾಗೆಲ್ಲ ಮಾಡಬಾರದು ಸಾರ್! ಸುತ್ತಾನೇ ಇರುತ್ತೆ. ಯಾರಾದ್ರೂ ಒಬ್ರು ಎತ್ತಬೇಕು, ಇಲ್ಲ ಒಂದು ಕಡೆ ಕತ್ತರಿಸಬೇಕು," ಅಂದಳು.

"ಕೇಳಿಸ್ತಾ ಅತ್ತೆ? ಕತ್ತರಿಸಿಬಿಡ್ಲಾ?"

"ಬೇಡ. ಅವರು ಎತ್ತದಿದ್ರೆ ನನ್ನ ಹತ್ರ ವಾಪಸ್ ಬರಲಿ."

"ಅವರು ಎತ್ತಲ್ಲ ಅತ್ತೆ."

"ಗೊತ್ತು ಕಣೋ. ಇದ್ದಾಗಲೂ ಎಷ್ಟೋ ಸಲ ಎತ್ತುತ್ತಿರಲಿಲ್ಲ." ಆಮೇಲೆ ಕಡತ ಜೋಡಿಸುತ್ತ, ನನ್ನತ್ತ ನೋಡದೆ, "ಅದು ಅಲ್ಲೇ ಬಡ್ಕೋತಾ ಇರಬಾರದು. ಅಷ್ಟೇ," ಅಂದಳು.

ಆ ವಾರ ನಾನು ಆಫೀಸಿನಲ್ಲೇ ಹೆಚ್ಚು ಹೊತ್ತು ಕೂತೆ. ಕಾಗದಪತ್ರ ನೋಡುವ ನೆಪ. ಅತ್ತೆ ಆಚೆ ಹೋದಾಗ ಲಿಫ್ಟಿನದಲ್ಲದ ನಂಬರಿನಿಂದ ಕರೆ ಬಂದರೆ ನಾನೂ ಕೆಲವು ಸಲ ಎತ್ತಲಿಲ್ಲ. ಮುಂದೆ ಐದು, ನಿಶ್ಶಬ್ದ, ಹಿಂದೆ ಐದು, ನಿಶ್ಶಬ್ದ. ಯಾರೋ ಬೆಂಚಿನಿಂದೆದ್ದು, ಓಣಿ ದಾಟಿ, ಮೇಜಿನವರೆಗೆ ಬಂದು, ಏನು ಹೇಳಬೇಕೆಂದು ಮರೆತು ಹಿಂತಿರುಗಿದ ಹಾಗೆ. ಬಾಗಿಲ ಅಡಿಯ ಸಂದಿಯಿಂದ ಗ್ರೀಸಿನ ವಾಸನೆ ಬರುತ್ತಿತ್ತು. ಒಮ್ಮೆ ಕರೆ ಕತ್ತರಿಸಿದ ಮೇಲೂ ನನಗೆ ಟಕ್ ಎಂದು ಒಂದು ಸದ್ದು ಕೇಳಿಸಿತು. ಹಲ್ಲಿ ಇರಬೇಕು. ಹಲ್ಲಿಯೇ ಎಂದು ನಾನು ಎದ್ದು ಹೋಗಿ ಖಚಿತಪಡಿಸಿಕೊಳ್ಳಲಿಲ್ಲ.

ವಾರದ ಕೊನೆಯ ದಿನ ನಾನು ಊಟ ಮುಗಿಸಿ ಬರುವಾಗ ಕಾರ್ಯದರ್ಶಿ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಅಂಗಿ ಬೆವರಿನಲ್ಲಿ ನೆನೆದಿತ್ತು. ಪಕ್ಕದಲ್ಲಿ ನಮ್ಮ ಮೆಕ್ಯಾನಿಕ್ಕು. ಲಿಫ್ಟು ಮೇಲೇರಿದಾಗ ಕೆಳಗಿಳಿಯುವ ಭಾರಕ್ಕೆ ಕೌಂಟರ್‌ವೇಟ್ ಅನ್ನುತ್ತಾರೆ. ಅವನ ಗಾತ್ರಕ್ಕೆ ಮಾವ ಅದೇ ಹೆಸರಿಟ್ಟಿದ್ದರು.

"ನಾಲ್ಕಕ್ಕೂ ಐದಕ್ಕೂ ನಡುವೆ ನಿಂತುಬಿಟ್ಟಿತ್ತು ಸಾರ್. ಒಳಗೆ ಇವರೇ," ಅಂದ ಕೌಂಟರ್‌ವೇಟ್. "ಆಫೀಸಿಂದ ಅಮ್ಮ ಮೊಬೈಲಿಗೆ ಮೆಸೇಜ್ ಹಾಕಿದ್ರು, ಓಡಿಹೋಗಿ ಇಳಿಸಿದೆ."

ಕಾರ್ಯದರ್ಶಿ ನನ್ನ ಮೊಣಕೈ ಹಿಡಿದರು. "ಗುಂಡಿ ಒತ್ತಿದೆ. ರಿಂಗ್ ಆಗ್ತಾನೇ ಇತ್ತು, ಆಗ್ತಾನೇ ಇತ್ತು. ದೀಪಾನೂ ಹೋಯ್ತು. ಇನ್ನೇನು ಕೂಗ್ಬೇಕು ಅನ್ನೋವಾಗ ಎತ್ತಿದ್ರು. ನಿಮ್ಮ ಮಾವ."

"ಮಾವ?"

"ಗಂಡಸಿನ ಧ್ವನಿ, ದಪ್ಪ. 'ಕೂತ್ಕೊಳ್ಳಿ, ಲಿಫ್ಟಿಗೆ ಬೀಳೋ ಮನಸ್ಸಿಲ್ಲ' ಅಂದ್ರು. ಏನಡುಗೆ ಅಂತ ಕೇಳಿದ್ರು. ಆಮೇಲೆ ಟಕ್ ಟಕ್ ಟಕ್. ಬಾಗಿಲು ತೆಗೆಯೋವರೆಗೂ ನಿಲ್ಲಿಸಲಿಲ್ಲ." ನನ್ನ ಮೊಣಕೈ ಬಿಟ್ಟು ಮೆಲ್ಲಗೆ ಹೇಳಿದರು, "ನಾನು ಅಳ್ತಿದ್ದೆ ಸಾರ್. ಅವರಿಗೆ ಗೊತ್ತಾಯ್ತು, ಆದ್ರೂ ಗೊತ್ತಾಗದವರ ಹಾಗೆ ಮಾತಾಡಿದ್ರು."

ಒಳಗೆ ಹೋದೆವು. ಅತ್ತೆ ಮೇಜಿನ ಹಿಂದೆ ಶಾಲು ಹೊದ್ದು ಕೂತಿದ್ದಳು. ಕಾರ್ಯದರ್ಶಿ ಪೆನ್ನು ತೆಗೆದು ಕರಾರಿಗೆ ಸಹಿ ಹಾಕಿದರು. ಹೊರಡುವಾಗ ಓಣಿಯ ಕಡೆ ತಿರುಗಿ ತಲೆ ಬಾಗಿಸಿದರು. ಕೌಂಟರ್‌ವೇಟೂ ಬಾಗಿಸಿದ, ಆ ಹೊಟ್ಟೆ ಬಿಟ್ಟಷ್ಟು.

ಅವರು ಮೆಟ್ಟಿಲಿಳಿದ ಮೇಲೆ ನಾನು ಓಣಿಗೆ ಹೋದೆ. ಬಾಗಿಲು ತೆರೆದಿತ್ತು. ಕಿಟಕಿಯ ಬಿಸಿಲು ವರ್ಷದ ಧೂಳಿನ ಮೇಲೆ ಬಿದ್ದಿತ್ತು. ಧೂಳಿನಲ್ಲಿ ಬಾಗಿಲಿನಿಂದ ಬೆಂಚಿನವರೆಗೆ ಹೋಗಿ ಬಂದ ಒಬ್ಬರದೇ ಹೆಜ್ಜೆ, ಸಣ್ಣವು, ಚಪ್ಪಲಿಯ ಗುರುತು. ಬೆಂಚಿನ ಅಂಚಿನಲ್ಲಿ ಸ್ಕ್ರೂಡ್ರೈವರು, ಅದರ ಮೂತಿ ತಾಗಿದಲ್ಲಿ ಹೊಸ ಗೀರುಗಳು.

ಹಿಂದಿರುಗಿ ಬಂದೆ. "ಅತ್ತೆ."

"ಏನೋ?" ಅಂದಳು. ಎರಡು ದಿನದ ನೆಗಡಿಗೆ ಗಂಟಲು ಕಟ್ಟಿ, ಸ್ವರ ಬಾವಿಯೊಳಗಿನಿಂದ ಬಂದ ಹಾಗಿತ್ತು. ಕಣ್ಣು ಮುಚ್ಚಿ ಕೇಳಿದ್ದರೆ ನಾನೂ ಗಂಡಸು ಅನ್ನುತ್ತಿದ್ದೆ.

ನನಗೆ ತಡೆಯಲಾಗಲಿಲ್ಲ. ಒಂದು ವರ್ಷ ಆ ಬೀಗಕ್ಕೆ ಕೈ ಹಚ್ಚದವಳು. ಅದೇ ಕೋಣೆ, ಅದೇ ಸ್ಟೂಲು, ಅದೇ ಫೋನು ಅದೇ ಥರ ಕೂಗುತ್ತ. ಅವಳ ಪಕ್ಕ ಕೂತು, ಆದಷ್ಟು ಮೆತ್ತಗೆ ಕೇಳಿದೆ: "ಅತ್ತೆ, ಇವತ್ತು ಆ ಬಾಗಿಲು ತೆಗೆಯೋ ಧೈರ್ಯ ನಿನಗೆ ಎಲ್ಲಿಂದ ಬಂತು?"

ಅತ್ತೆ ಮೂಗೊರೆಸಿಕೊಂಡಳು. ಒಂದು ಕೈಯಿಂದ ಮಂಡಿ ನೀವಿಕೊಳ್ಳುತ್ತ, ಮುಂದಿನ ಫೋನನ್ನೂ ಹಿಂದಿನ ಓಣಿಯನ್ನೂ ಒಮ್ಮೆ ನೋಡಿದಳು.

"ಧೈರ್ಯ ಎಲ್ಲಿಂದ ಬರ್ಬೇಕೋ? ಆ ರಿಂಗಿನ ಹಿಂದೆ ಅಲ್ಲಿಂದಿಲ್ಲಿಗೆ ಓಡಾಡಿ ಓಡಾಡಿ ಕಾಲು ಬಿದ್ದುಹೋಗಿತ್ತು. ಅಲ್ಲಿ ಸ್ಟೂಲ್ ಇತ್ತಲ್ಲ."